ಮಿಲ್ ಗಂಗಯ್ಯನ ರಾಜಪಾರ್ಟು

ಉತ್ತರಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಗಂಗಯ್ಯನ ಹಿಟ್ಟಿನ ಮಿಲ್ಲಿದೆ. ಸುತ್ತಲಿನ ಹೊಲಗಳೆಲ್ಲ ಅಪಾರ್ಟ್‌ಮೆಂಟಾಗಿ ಲಿಫ್ಟು ಹತ್ತಿಕೊಂಡು ಮುಗಿಲು ಸೇರಿದರೂ ಮಿಲ್ಲು ಮಾತ್ರ ನೆಲ ಬಿಟ್ಟಿಲ್ಲ. ಗಂಗಯ್ಯನ ಬಣ್ಣ ಹೊತ್ತಿಗೊಂದು. ಬೆಳಿಗ್ಗೆ ರಾಗಿ ಬೀಸುವಾಗ ಹುಬ್ಬು ಮಣ್ಣಿನ ಬಣ್ಣ, ಮಧ್ಯಾಹ್ನ ಗೋಧಿಗೆ ಬಿಳಿ, ಸಂಜೆ ಯಾರಾದರೂ ಕಡಲೆ ತಂದರೆ ಹಳದಿ. ತಲೆ ನರೆತಿದೆಯೋ ಇಲ್ಲವೋ ಎನ್ನುವುದು ಹೆಂಡತಿ ಪಂಕಜಮ್ಮನಿಗೂ ಎಣ್ಣೆನೀರಿನ ದಿನ ಮಾತ್ರ ಗೊತ್ತಾಗುತ್ತದೆ. ಮಾರನೆಯ ದಿನ ಮತ್ತೆ ಅನುಮಾನ.

ಬೀಸುವ ಕಲ್ಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ಗಂಟಲು ಕಂಚಾಗಿದೆ. "ಅರ್ಧ ಗಂಟೆ ಬಿಟ್ಟು ಬನ್ರೀ" ಎಂದು ಒಳಗಿನಿಂದ ಒಬ್ಬರಿಗೆ ಹೇಳಿದರೆ, ಎದುರಿನ ಬಸ್ ನಿಲ್ದಾಣದಲ್ಲಿ ನಿಂತವರೂ ಒಮ್ಮೆ ಗಡಿಯಾರ ನೋಡಿಕೊಳ್ಳುತ್ತಾರೆ. ಇಂಥ ಗಂಟಲು ಕೊಟ್ಟ ದೇವರು ಅದಕ್ಕೆ ಒಪ್ಪಿಸಿದ ಕೆಲಸವೇನು? ಪಿಸುಗುಟ್ಟುವುದು.

ಅದು ಹೇಗೆಂದರೆ, ಆ ಊರಿಗೊಂದು ನಾಟಕದ ಮಂಡಳಿ ಇದೆ. ಶ್ರೀ ಮುನೇಶ್ವರಸ್ವಾಮಿ ಕೃಪಾಪೋಷಿತ ನಾಟಕ ಮಂಡಳಿ ಎಂದು ಹೆಸರು. ಕೃಪೆ ಸ್ವಾಮಿಯದು, ಪೋಷಣೆ ಪಾರ್ಟು ಮಾಡುವವರದು. ಪೇಟೆಯ ಓದಿದವರಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಆ ಕಡೆಯ ನಾಟಕಗಳಲ್ಲಿ ಪಾರ್ಟು ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪಾರ್ಟು ಮಾಡುವವನೇ ಕೊಡಬೇಕು. ಸೀನರಿಯ ಬಾಡಿಗೆ, ಲೈಟು, ಮೈಕು, ಹಾರ್ಮೋನಿಯಂ ಮೇಷ್ಟ್ರ ದಕ್ಷಿಣೆ ಎಲ್ಲವೂ ಆ ದುಡ್ಡಿನಲ್ಲೇ ಹುಟ್ಟಬೇಕು. ಮಂತ್ರಿಗೆ ಒಂದು ದರ, ಮುನಿಗೆ ಒಂದು ದರ, ರಾಜಪಾರ್ಟಿಗೆ ಎಲ್ಲಕ್ಕಿಂತ ಮೇಲಿನ ದರ. ರಾಣಿ ಮತ್ತು ಸಖಿಯ ಪಾರ್ಟಿಗೆ ಮಾತ್ರ ಹೊರಗಿನಿಂದ ಇಬ್ಬರು ಹೆಂಗಸರನ್ನು ದುಡ್ಡು ಕೊಟ್ಟು ಕರೆಸುತ್ತಿದ್ದರು. ಇಡೀ ರಂಗದ ಮೇಲೆ ನಿಜವಾಗಿ ನಾಟಕ ಬರುತ್ತಿದ್ದದ್ದೂ ಅವರಿಬ್ಬರಿಗೇ.

ನಾಟಕ ಒಂದೇ, ತಲೆಮಾರಿನಿಂದ ಅದೇ: 'ಚಂಡಪ್ರತಾಪ ಗರ್ವಭಂಗ'. ಹಾರ್ಮೋನಿಯಂ ಮೇಷ್ಟ್ರು ಶಾಂತವೀರಪ್ಪನವರ ತಾತ ಬರೆದದ್ದು. ಚಂಡಪ್ರತಾಪನೆಂಬ ರಾಜ ಸೊಕ್ಕಿನಿಂದ ಮುನಿಯೊಬ್ಬನನ್ನು ಅವಮಾನಿಸುತ್ತಾನೆ, ಕೊನೆಯ ಅಂಕದಲ್ಲಿ ಮುನಿ ಕಮಂಡಲದ ನೀರು ಚಿಮುಕಿಸಿ ಶಾಪ ಕೊಡುತ್ತಾನೆ, ಗರ್ವ ಮುರಿದು ರಾಜ ಮುನಿಯ ಕಾಲಿಗೆ ಬೀಳುತ್ತಾನೆ, ಮಂಗಳ. ರಾಜಪಾರ್ಟನ್ನು ವರ್ಷವರ್ಷವೂ ಕೊಳ್ಳುತ್ತಿದ್ದವನು ಪಿಳ್ಳಮುನಿಯಪ್ಪ. ಹೊಲ ಮಾರಿ ನೀರಿನ ಟ್ಯಾಂಕರು ಬಿಟ್ಟು, ಟ್ಯಾಂಕರಿನಿಂದ ಕಲ್ಯಾಣಮಂಟಪ ಎಬ್ಬಿಸಿದ ಮನುಷ್ಯ. ಗಂಗಯ್ಯನ ಕೈಗೆಟುಕುತ್ತಿದ್ದದ್ದು ದ್ವಾರಪಾಲಕನ ಪಾರ್ಟು. ಈಟಿ ಹಿಡಿದು ಸಿಂಹಾಸನದ ಪಕ್ಕ ನಿಲ್ಲುವುದು, "ಅಪ್ಪಣೆ, ಪ್ರಭು" ಎನ್ನುವುದು.

ಪಿಳ್ಳಮುನಿಯಪ್ಪನಿಗೆ ಮೈಕಟ್ಟಿತ್ತು, ಮೀಸೆಯಿತ್ತು, ದುಡ್ಡಿತ್ತು. ಮಾತು ನೆನಪಿನಲ್ಲಿ ನಿಲ್ಲುವುದೊಂದಿರಲಿಲ್ಲ. ಅದಕ್ಕೇ ದ್ವಾರಪಾಲಕ ಈಟಿಯ ಮರೆಯಿಂದ ಒಂದೊಂದೇ ಸಾಲು ಪಿಸುಗುಟ್ಟುತ್ತಿದ್ದ, ರಾಜ ಅದನ್ನೇ ಹಿಡಿದು ಆರ್ಭಟಿಸುತ್ತಿದ್ದ. ಕಿವಿಗೆ ಬಿದ್ದದ್ದು ತಲೆಗೆ ಹೋಗದೆ ನೇರವಾಗಿ ಬಾಯಿಗೆ ಬರುವಷ್ಟು ಅಭ್ಯಾಸವಾಗಿತ್ತು. ಒಂದು ವರ್ಷ ಮೀಸೆಯ ಮೇಲೆ ಅಂಟಿಸಿದ್ದ ರಾಜಮೀಸೆ ಜಾರತೊಡಗಿದಾಗ ಗಂಗಯ್ಯ ಮೆಲ್ಲಗೆ, "ಮೀಸೆ ಬೀಳ್ತಾ ಐತೆ, ಹಿಡ್ಕೊಳಣ್ಣ" ಎಂದ. ರಾಜ ತೊಡೆ ತಟ್ಟಿ, "ಮೀಸೆ ಬೀಳ್ತಾ ಐತೆ! ಹಿಡ್ಕೊಳಣ್ಣ!" ಎಂದು ಗುಡುಗಿದ. ಎದುರಿಗಿದ್ದ ಮಂತ್ರಿ ಗಾಬರಿಯಿಂದ ತನ್ನ ಮೀಸೆ ಹಿಡಿದುಕೊಂಡ. ಜನ ಅದಕ್ಕೂ ಒನ್ಸ್ ಮೋರ್ ಅಂದರು.

ಒನ್ಸ್ ಮೋರ್ ಎಲ್ಲ ಪಿಳ್ಳಮುನಿಯಪ್ಪನಿಗೆ. ಬೀಸಿದವನು ಒಬ್ಬ, ಮುದ್ದೆ ಉಂಡವನು ಇನ್ನೊಬ್ಬ. ಆ ಸಿಂಹಾಸನದ ಪಕ್ಕ ನಿಂತು ನಿಂತು ಗಂಗಯ್ಯನಿಗೆ ಮಂಡಿ ಸವೆದಿತ್ತು. ಸಾಯುವುದರೊಳಗೆ ಒಂದು ಸಲ ಅದರ ಮೇಲೆ ಕೂರಬೇಕು, ಕೂತು ಆ ಮಾತುಗಳನ್ನು ತನ್ನ ಗಂಟಲಿನಿಂದಲೇ ಬಿಡಬೇಕು ಎಂಬ ಆಸೆ ಅವನ ಹೊಟ್ಟೆಯಲ್ಲಿ ಕೂತು ಹಳೆಯದಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ. ಹಿಟ್ಟಿನವನಿಗೆ ರಾಜಪಾರ್ಟಂತೆ.

ಹೀಗಿರುವಾಗ ಗಿರಿನಗರದಿಂದ ಶರ್ವಾಣಿ ಎಂಬ ಹುಡುಗಿ ನವಣೆ ಬೀಸಿಸಲು ಬಂದಳು. ಕಲೆಯ ಸಂಘಗಳಿಗೆ ಸರಕಾರದ ಅನುದಾನದ ಅರ್ಜಿ ಬರೆದುಕೊಡುವುದು ಅವಳ ಉದ್ಯೋಗ. ಹೀಗೂ ಒಂದು ಉದ್ಯೋಗವಿದೆ ಎಂದು ಗಂಗಯ್ಯನಿಗೆ ಆವತ್ತೇ ತಿಳಿದದ್ದು. ಅವಳು ಬಂದಾಗ ಅವನು ಮೋಟಾರಿನ ಸದ್ದಿನ ಮೇಲೆ ಸವಾರಿ ಮಾಡುತ್ತ, "ಮೂರು ಲೋಕ ಮುಷ್ಟಿಯೊಳಗಿರುವಾಗ ಮುನಿಯ ಗಡ್ಡಕ್ಕೆ ಅಂಜುವನೇ ಈ ಚಂಡಪ್ರತಾಪ!" ಎಂದು ರಾಗಿಗೆ ಹೇಳುತ್ತಿದ್ದ.

"ಅಂಕಲ್, ಸಖತ್ತಾಗಿದೆ! ನಿಮ್ಮದು ಟ್ರೂಪ್ ಇದೆಯಾ? ಸಮುದಾಯ ಕಲೆಗಳಿಗೆ ಅಂತ ಗ್ರ್ಯಾಂಟ್ ಕರೆದಿದ್ದಾರೆ. ಹಾಕ್ರೀ."

"ಪರದೆ ಹರಿದೋಗೈತೆ ತಾಯಿ. ಒಂದು ಪರದೆ, ಒಂದು ಕಿರೀಟ ಕೊಡ್ತಾರಾ?"

"ಪರದೆ ಏನು, ಇಡೀ ನಾಟಕ ಮಾಡೋಕೇ ಕೊಡ್ತಾರೆ. ನಾನು ಬರ್ಕೊಡ್ತೀನಿ. ದುಡ್ಡೇನೂ ಬೇಡ, ನವಣೆ ಮಾತ್ರ ನುಣ್ಣಗೆ ಬೀಸ್ಕೊಡಿ."

ಅರ್ಜಿಯ ಹಾಳೆ ಬಂತು. ಗಂಗಯ್ಯ ತನಗೆ ತಿಳಿದ ಕಡೆಯೆಲ್ಲ ತಾನೇ ತುಂಬಿಟ್ಟಿದ್ದ. ಶರ್ವಾಣಿ ಎರಡನೇ ಸಲ ಬಂದಾಗ ರಾಗಿಯ ಮೂಟೆಯ ಮೇಲೆ ಕೂತು ಓದುತ್ತ ಹೋದಳು.

"ಮಂಡಳಿಯ ಮುಂದಿನ ಐದು ವರ್ಷಗಳ ಕನಸು... 'ಎಲ್ಲರೂ ಬದುಕಿರುವುದು'. ಅಂಕಲ್, ಹೀಗೆಲ್ಲಾ ಬರೆಯೋ ಹಾಗಿಲ್ಲ."

"ನಮ್ಮ ಮುನಿಗೆ ಎಪ್ಪತ್ತಾಯ್ತು ತಾಯಿ. ಮಂತ್ರಿಗೆ ಸ್ಟೆಂಟ್ ಹಾಕವ್ರೆ. ಅದಕ್ಕಿಂತ ದೊಡ್ಡ ಕನಸು ಯಾವುದು?"

ಶರ್ವಾಣಿ ಅದನ್ನು ಹೊಡೆದು, 'ಅಂಚಿಗೆ ಸರಿದ ಪರಂಪರೆಯ ಪುನಶ್ಚೇತನ' ಎಂದು ಬರೆದಳು. ಗಂಗಯ್ಯ ಬಗ್ಗಿ ನೋಡಿ, "ಅಂಚಿಗೆ ಯಾರೂ ಸರಿದಿಲ್ಲವಲ್ಲ. ಪಿಳ್ಳಣ್ಣ ನಡುಮಧ್ಯಾನೇ ಕೂತವ್ನೆ" ಎಂದ. ಅವಳು ಮುಂದಿನ ಪುಟ ತಿರುಗಿಸಿ ಹುಬ್ಬು ಗಂಟಿಕ್ಕಿದಳು.

"ಕಲಾವಿದರ ಗೌರವಧನಾನ ಆದಾಯದ ಕಡೆ ಬರ್ದಿದ್ದೀರಲ್ಲ ಅಂಕಲ್?"

"ಮತ್ತೆ? ಬರೋ ದುಡ್ಡು ಆದಾಯ ತಾನೇ?"

"ಬರೋದಲ್ಲ, ಹೋಗೋದು. ಖರ್ಚಿನ ಕಡೆ ಬರೀಬೇಕು. ನೀವು ಕಲಾವಿದರಿಗೆ ಕೊಡೋದು."

"ನಾವು ಯಾಕೆ ಕೊಡೋಣ? ಪಾರ್ಟು ಬೇಕಾದೋರು ಅವ್ರು. ಅವ್ರು ಕೊಡ್ತಾರೆ."

"ಆಕ್ಟ್ ಮಾಡೋರೇ... ದುಡ್ಡು ಕೊಡ್ತಾರಾ?"

"ಬಸ್ಸು ಹತ್ತಿದೋನು ಟಿಕೆಟ್ ತಗೋತಾನೋ, ಡ್ರೈವರು ಅವನಿಗೆ ದುಡ್ಡು ಕೊಡ್ತಾನೋ?"

ಶರ್ವಾಣಿ ಅರ್ಜಿಯ ಹಿಂಬದಿಯ ನಿಯಮಗಳ ಮೇಲೆ ಬೆರಳಿಟ್ಟು ಓದಿದಳು: "ಕಲಾವಿದರಿಂದ ಯಾವುದೇ ರೂಪದಲ್ಲಿ ಹಣ ಪಡೆಯತಕ್ಕದ್ದಲ್ಲ. ಪ್ರತಿಯೊಬ್ಬ ಕಲಾವಿದರಿಗೂ ಗೌರವಧನ ಪಾವತಿಸಿ ಸಹಿ ಪಡೆಯತಕ್ಕದ್ದು."

ಗಂಗಯ್ಯ ಮೋಟಾರು ನಿಲ್ಲಿಸಿಬಿಟ್ಟ. ಸಾಲಿನಲ್ಲಿ ನಿಂತ ಹೆಂಗಸರು, "ಯಾಕಪ್ಪ, ಕರೆಂಟ್ ಹೋಯ್ತಾ?" ಎಂದು ಕೂಗಿದರು.

"ಇನ್ನೊಂದು ಸಲ ಓದು ತಾಯಿ."

ಅವಳು ಓದಿದಳು.

"ಹಂಗಾದ್ರೆ ರಾಜಪಾರ್ಟು ಯಾರಿಗೆ?"

"ಯಾರು ಚೆನ್ನಾಗಿ ಮಾಡ್ತಾರೋ ಅವ್ರಿಗೆ. ಅದರಲ್ಲೇನಿದೆ?"

ಅದರಲ್ಲೇನಿದೆ ಎನ್ನುವುದು ಗಿರಿನಗರದವರಿಗೆ ಹೇಗೆ ಗೊತ್ತಾಗಬೇಕು? ಗಂಗಯ್ಯನಿಗೆ ಕಿವಿಯೊಳಗೆ ಹಾರ್ಮೋನಿಯಂ ಕೇಳಿದಂತಾಯಿತು. ಪರದೆಯೂ ಮರೆತುಹೋಯಿತು, ಕಿರೀಟವೂ ಮರೆತುಹೋಯಿತು. ಕಿರೀಟ ಇಡುವ ತಲೆ ಯಾವುದು ಎನ್ನುವುದೊಂದೇ ಉಳಿಯಿತು. ಗ್ರ್ಯಾಂಟು ಬಂದರೆ ರಾಜಪಾರ್ಟು ಮಾರಾಟಕ್ಕಿಲ್ಲ. ಮಾರಾಟಕ್ಕಿಲ್ಲವೆಂದರೆ ಪಿಳ್ಳಮುನಿಯಪ್ಪನ ಕೈಯಲ್ಲಿ ಉಳಿಯುವುದು ಮೀಸೆ ಮಾತ್ರ.

"ಬರಿ ತಾಯಿ," ಎಂದ. "ಅಂಚೋ ಪಂಚೋ ಏನು ಬೇಕಾದ್ರೂ ಬರಿ."

ಇಲಾಖೆಯಿಂದ ನಂದಕುಮಾರ್ ಎಂಬ ಅಧಿಕಾರಿ ಮಂಡಳಿ ನಿಜವಾಗಿ ಇದೆಯೋ ಅಥವಾ ಹಾಳೆಯ ಮೇಲೆ ಮಾತ್ರ ಇದೆಯೋ ಎಂದು ನೋಡಿಹೋಗಲು ಬಂದರು. ಮಂಡಳಿಯ ಕಚೇರಿ ಯಾವುದು ಎಂದರು. ಗಂಗಯ್ಯ ಮಿಲ್ಲು ತೋರಿಸಿದ. ಆಸ್ತಿ ಏನಿದೆ ಎಂದರು. ಜರಡಿಗಳ ಹಿಂದಿನಿಂದ ಎರಡು ಗದೆ, ಒಂದು ಕಮಂಡಲ, ಒಂದು ನೆಗ್ಗಿದ ಕಿರೀಟ ಹೊರಬಂದವು. ತರಬೇತಿ ಎಲ್ಲಿ ನಡೆಯುತ್ತದೆ ಎಂದರು. ಗಂಗಯ್ಯ ಮಾತಿನಲ್ಲಿ ಹೇಳುವ ಬದಲು ಎರಡನೇ ಅಂಕದ ಆಸ್ಥಾನದ ದೃಶ್ಯವನ್ನು ಅಲ್ಲೇ ಬಿಟ್ಟ. ರಾಜನೂ ಅವನೇ, ಮಂತ್ರಿಯೂ ಅವನೇ, ಮುನಿಯೂ ಅವನೇ. ಬೀದಿ ತುಂಬಿತು. ನಂದಕುಮಾರ್ ಹಿಟ್ಟಿನ ಮೂಟೆಗೆ ಒರಗಿ ಕೊನೆಯವರೆಗೂ ಕೇಳಿದರು. ಎದ್ದಾಗ ಅವರ ಕಪ್ಪು ಪ್ಯಾಂಟಿನ ಹಿಂಭಾಗ ಗೋಧಿಯ ಬಣ್ಣಕ್ಕೆ ತಿರುಗಿತ್ತು. ಹಾಗೆಯೇ ಬೈಕು ಹತ್ತಿ ಹೋದರು. ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಅನುದಾನ ಮಂಜೂರಾಯಿತು.

ಮುನೇಶ್ವರನ ಗುಡಿಯ ಅಂಗಳದಲ್ಲಿ ಮಂಡಳಿ ಸೇರಿತು. ಶರ್ವಾಣಿ ನಿಯಮ ಓದಿ ಹೇಳಿದಳು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪಿಳ್ಳಮುನಿಯಪ್ಪ ಎದ್ದು ನಿಂತ.

"ನನಗೆ ದುಡ್ಡು ಕೊಡ್ತಾರಾ? ನನಗೆ? ನಾನೇನು ಕೂಲಿಗೆ ಬಂದೋನಾ? ಮೊಮ್ಮಗಳಿಗೆ ಗಂಡು ನೋಡ್ತಾ ಇದೀನಿ. ಬೀಗರು ಕೇಳಿದ್ರೆ ಏನಂತಾರೆ? ಪಿಳ್ಳಮುನಿಯಪ್ಪ ದುಡ್ಡಿಗೆ ಬಣ್ಣ ಹಚ್ಕೊಳಕ್ಕೆ ಹೋಗ್ತಾನೆ ಅಂತಾರೆ!"

"ಗೌರವಧನ ಸಾರ್, ಕೂಲಿ ಅಲ್ಲ," ಎಂದಳು ಶರ್ವಾಣಿ.

"ಗೌರವ ನಾನು ಕೊಡೋನು ಕಣಮ್ಮ. ಈಸ್ಕೊಳೋನಲ್ಲ."

ಹಾರ್ಮೋನಿಯಂ ಮೇಷ್ಟ್ರು ಶಾಂತವೀರಪ್ಪ ಗಂಟಲು ಸರಿಮಾಡಿಕೊಂಡರು. ಪಿಳ್ಳಮುನಿಯಪ್ಪನ ಶ್ರುತಿಗೆ ಹಾರ್ಮೋನಿಯಂ ಹೊಂದಿಸಲಾರದೆ ಅವರು ಎಷ್ಟೋ ವರ್ಷ ಅವನ ಹಾಡಿಗೆ ತಬಲಾ ಮಾತ್ರ ಬಿಟ್ಟು ತಾವು ವೀಳ್ಯದೆಲೆ ಹಾಕಿಕೊಳ್ಳುತ್ತಿದ್ದರು. "ಕಾನೂನು ಕಾನೂನೇ ಪಿಳ್ಳಣ್ಣ," ಎಂದರು. "ಈ ಸಲ ಪರೀಕ್ಷೆ. ರಾಜನ ಪ್ರವೇಶದ ಮಾತು ಯಾರು ಒಪ್ಪಿಸ್ತಾರೋ ಅವರಿಗೆ ಪಾರ್ಟು. ನೀನೇ ಮೊದಲು ಶುರು ಮಾಡು."

ಪಿಳ್ಳಮುನಿಯಪ್ಪ ಎದೆ ಉಬ್ಬಿಸಿ ನಿಂತ. ಬಾಯಿ ತೆರೆದ. ಎಡಗಡೆಗೆ ಕಿವಿ ವಾಲಿಸಿದ. ಎಡಗಡೆ ಯಾರೂ ಇರಲಿಲ್ಲ. ಗಂಗಯ್ಯ ಎದುರಿಗೆ ಕಂಬಕ್ಕೊರಗಿ ಆಕಾಶ ನೋಡುತ್ತಿದ್ದ.

"ಎಲೈ..." ಎಂದ ಪಿಳ್ಳಮುನಿಯಪ್ಪ. ಆಮೇಲೆ, "ಎಲೈ..." ಎಂದ. ಮೂರನೆಯ ಎಲೈಗೆ ಯಾರೋ ಹಿಂದಿನಿಂದ, "ಎಲೆ ಆಯ್ತು, ಅಡಿಕೆ ಬರ್ಲಿ!" ಎಂದರು.

ಗಂಗಯ್ಯ ಕಂಬ ಬಿಟ್ಟು ಮುಂದೆ ಬಂದ. ಅವನು ಬಾಯಿ ತೆರೆದಾಗ ಗುಡಿಯ ಗಂಟೆ ಯಾರೂ ಮುಟ್ಟದೆ ಸಣ್ಣಗೆ ನಾದ ಕೊಟ್ಟಿತು ಎಂದು ಶಾಂತವೀರಪ್ಪ ಇವತ್ತಿಗೂ ಹೇಳುತ್ತಾರೆ. ಮೇಷ್ಟ್ರಿಗೆ ಸ್ವಲ್ಪ ಸೇರಿಸಿ ಹೇಳುವ ಚಪಲವಿದೆ. ಆದರೆ ಗುಡಿಯ ಮುಂದೆ ಮಲಗಿದ್ದ ನಾಯಿ ಎದ್ದು ಹೋದದ್ದನ್ನು ಎಲ್ಲರೂ ನೋಡಿದ್ದಾರೆ. ರಾಜಪಾರ್ಟು ಗಂಗಯ್ಯನದಾಯಿತು.

ಪಿಳ್ಳಮುನಿಯಪ್ಪ ಚಪ್ಪಲಿ ಮೆಟ್ಟಿ ಹೊರಟವನು ಬಾಗಿಲಿನಲ್ಲಿ ನಿಂತ. ನಾಟಕವೆಂದರೆ ಅವನಿಗೂ ಹುಚ್ಚೇ. ವರ್ಷಕ್ಕೊಂದು ಸಲ ಬಣ್ಣ ಮೈಗೆ ಹತ್ತದಿದ್ದರೆ ಅವನಿಗೆ ತುರಿಕೆ ಬರುತ್ತದೆ. "ಯಾವ ಪಾರ್ಟು ಉಳಿದೈತೆ?" ಎಂದ.

"ದ್ವಾರಪಾಲಕ," ಎಂದರು ಮೇಷ್ಟ್ರು.

ಅವನು ಗಂಗಯ್ಯನನ್ನು ಮೇಲಿಂದ ಕೆಳಗೆ ನೋಡಿದ. "ಆಗ್ಲಿ. ಬಾಗಿಲಲ್ಲಿ ನಿಂತ್ಕೊಳೋದು ತಾನೇ? ಸಿಂಹಾಸನದ ಮೇಲೆ ಕೂತ್ಕೊ ಗಂಗ, ಕಾಲ್ಮೇಲೆ ಕಾಲಾಕ್ಕೊಂಡೇ ಕೂತ್ಕೊ. ಆದ್ರೆ ಜನ ಯಾರನ್ನ ನೋಡ್ತಾರೋ ಅದನ್ನೂ ಅರ್ಜಿಯಲ್ಲಿ ಬರೆಸ್ಕೊಂಡು ಬಾ."

ಆ ಮಾತು ಗಂಗಯ್ಯನ ಕಿವಿಯಲ್ಲಿ ಕಲ್ಲು ಸಿಕ್ಕಿದ ರಾಗಿಯ ಹಾಗೆ ಕರಕರ ಎನ್ನತೊಡಗಿತು. ಪಾರ್ಟು ಸಿಕ್ಕಿದ್ದಾಯಿತು, ಊರು ಒಪ್ಪಬೇಕಲ್ಲ. ಬೀದಿಯಲ್ಲಿ ಹೋದರೆ ಹಳಬರು, "ಏನಪ್ಪ, ಪುಕ್ಸಟ್ಟೆ ರಾಜ!" ಎನ್ನುತ್ತಿದ್ದರು. ಮನೆಯಲ್ಲಿ ಪಂಕಜಮ್ಮನದು ಬೇರೆ ರಾಗ.

"ಮನೇಲಿ ಸಾರಿಗೆ ಉಪ್ಪು ಸಾಲದಿದ್ರೂ ಬಾಯಿಬಿಟ್ಟು ಕೇಳಲ್ಲ ನೀವು. ಅಲ್ಲಿ ಆಜ್ಞೆ ಮಾಡ್ತೀರಾ?"

"ಅದು ಬೇರೆ, ಇದು ಬೇರೆ ಕಣೇ."

"ಏನು ಬೇರೆ? ಗಟ್ಟಿಯಾಗಿ ಕೂಗೋದು ರಾಜನ ಗುಣ ಅಂದ್ಕೊಂಡಿದ್ದೀರಾ? ಹಂಗಾದ್ರೆ ತರಕಾರಿ ಗಾಡಿಯೋನು ಚಕ್ರವರ್ತಿ. ಒಂದು ಮಾತು ಹೇಳಿದ್ರೆ ಎದುರಿಗಿರೋನು ಕೇಳ್ಬೇಕು. ನಿಮ್ಮ ಮಾತು ಈವರೆಗೆ ಯಾರು ಕೇಳವ್ರೆ?"

ಗಂಗಯ್ಯ ಎದ್ದು ಹೋಗಿ ಸಾರಿಗೆ ತಾನೇ ಉಪ್ಪು ಹಾಕಿಕೊಂಡ.

ತಾಲೀಮು ಇನ್ನೊಂದು ಗೋಳು. ದುಡ್ಡು ಕೊಟ್ಟು ಪಾರ್ಟು ಕೊಂಡಾಗ ಜನ ಜ್ವರ ಬಂದರೂ ಕಂಬಳಿ ಹೊದ್ದುಕೊಂಡು ಬರುತ್ತಿದ್ದರು. ಈಗ ಪುಕ್ಕಟೆ ಪಾರ್ಟು, ಮೇಲೆ ಎದುರು ದುಡ್ಡು ಬೇರೆ. ಮಂತ್ರಿ ತಿರುಪತಿಗೆ ಹೋದ. ಸೇನಾಪತಿ ಅಳಿಯನ ಗೃಹಪ್ರವೇಶವೆಂದು ಬನಶಂಕರಿಗೆ ಹೋದವನು ವಾರವಾದರೂ ತಿರುಗಿ ಬರಲಿಲ್ಲ. ತಪ್ಪದೆ ಬರುತ್ತಿದ್ದವನು ಒಬ್ಬನೇ, ಪಿಳ್ಳಮುನಿಯಪ್ಪ. ಬಂದು ಈಟಿ ಹಿಡಿದು ನಿಂತು, ಗಂಗಯ್ಯನನ್ನೇ ದುರುಗುಟ್ಟಿ ನೋಡಿ, "ಅಪ್ಪಣೆ, ಪ್ರಭು" ಎನ್ನುತ್ತಿದ್ದ. ಆ ಪ್ರಭು ಎಂಬ ಮಾತು ಬೈಗುಳದಂತೆ ಕೇಳುತ್ತಿತ್ತು.

ನಾಟಕದ ದಿನ ಬಂತು. ಗುಡಿಯ ಪಕ್ಕದ ಬಯಲಿನಲ್ಲಿ ರಂಗ. ಸುತ್ತಲೂ ಅಪಾರ್ಟ್‌ಮೆಂಟುಗಳು, ಒಂದೊಂದು ಬಾಲ್ಕನಿಯೂ ಒಂದೊಂದು ಪುಕ್ಕಟೆ ಬಾಕ್ಸ್ ಸೀಟು. ಮೊದಲೆಲ್ಲ ನಾಟಕ ಬೆಳಗಿನ ಕೋಳಿ ಕೂಗುವವರೆಗೆ ನಡೆಯುತ್ತಿತ್ತು. ಈಗ ಕೋಳಿಯೂ ಇಲ್ಲ, ಮೈಕಿಗೆ ಅನುಮತಿ ಹತ್ತು ಗಂಟೆಗೆ ಮುಗಿಯುತ್ತದೆ. ಅದಕ್ಕೇ ಸಂಜೆಯೇ ಶುರು.

ಗಂಗಯ್ಯ ಬಣ್ಣ ಹಚ್ಚಿಕೊಳ್ಳಲು ಬರುವಾಗ ದಾರಿಯಲ್ಲೇ ನಿಂತುಬಿಟ್ಟ. ಬೀದಿಯ ಬಾಯಿಗೆ ಎರಡು ಅಂತಸ್ತಿನ ಎತ್ತರಕ್ಕೆ ಫ್ಲೆಕ್ಸು. ಅದರ ತುಂಬ ಪಿಳ್ಳಮುನಿಯಪ್ಪ, ಕೈಯಲ್ಲಿ ಈಟಿ, ಕಣ್ಣಿಗೆ ತಂಪು ಕನ್ನಡಕ. 'ನಮ್ಮ ಹೆಮ್ಮೆಯ ದ್ವಾರಪಾಲಕರಿಗೆ ಹೃತ್ಪೂರ್ವಕ ಸ್ವಾಗತ. ಇಂತಿ, ಟ್ಯಾಂಕರ್ ಮಾಲೀಕರು ಮತ್ತು ಚಾಲಕರು.' ರಾಜ ಎಲ್ಲಿ ಎಂದು ಹುಡುಕಿದರೆ ಕೆಳಗಿನ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಗಂಗಯ್ಯ. ಅದೂ ರೇಷನ್ ಕಾರ್ಡಿನ ಫೋಟೋ.

ಸಂಜೆ ಶುರು ಎಂದಿದ್ದರೂ ದೀಪ ಹಚ್ಚುವವರು, ಹಚ್ಚುವವರನ್ನು ಸ್ವಾಗತಿಸುವವರು, ಸ್ವಾಗತಿಸಿದವರಿಗೆ ಶಾಲು ಹೊದಿಸುವವರು ಎಲ್ಲ ಮುಗಿದು ಪರದೆ ಏಳುವಾಗ ಎಂಟು ದಾಟಿತ್ತು. ನಂದಕುಮಾರ್ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ವರದಿಯ ಹಾಳೆ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಶರ್ವಾಣಿ.

ಗಂಗಯ್ಯ ರಂಗಕ್ಕೆ ಬಂದ, ಸಿಂಹಾಸನ ಹತ್ತಿದ, ಕೂತ. ಹೊಸ ಕಿರೀಟ ಹಣೆಗೆ ಸ್ವಲ್ಪ ಬಿಗಿಯಾಗಿತ್ತು. ಮಂಡಿಗೆ ಮಾತ್ರ ಹಬ್ಬ. ಉಸಿರು ತುಂಬಿಕೊಂಡು, "ಮೂರು ಲೋಕ..." ಎಂದು ಬಾಯಿ ತೆರೆದದ್ದೇ ತಡ, ಹೊರಗೆ ಪಟಾಕಿ ಹತ್ತಿತು.

ಬಯಲಿನ ಆ ತುದಿಯಿಂದ ಜೆಸಿಬಿ ಬರುತ್ತಿತ್ತು. ಅದರ ಕೈಗೆ ಸೇಬಿನ ಹಾರ, ಆನೆಗೂ ದೊಡ್ಡದಾಗುವಂಥದ್ದು. ಹಿಂದೆ ಟ್ಯಾಂಕರ್ ಚಾಲಕರ ದಂಡು, ಮುಂದೆ ತಮಟೆ. ಜನ ಎದ್ದು ದಾರಿ ಬಿಟ್ಟರು. ಜೆಸಿಬಿಯ ಕೈ ರಾಜನ ತಲೆಯ ಮೇಲಿಂದ ಹಾದು, ದ್ವಾರಪಾಲಕನ ಕೊರಳಿಗೆ ಹಾರ ಇಳಿಸಿತು. "ಪಿಳ್ಳಣ್ಣನಿಗೆ ಜೈ!" ಒಬ್ಬೊಬ್ಬರೇ ರಂಗ ಹತ್ತಿ ಶಾಲು ಹೊದಿಸಿದರು, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಒಬ್ಬ ಚಾಲಕ ಸಿಂಹಾಸನದ ಕೈಗೆ ತನ್ನ ಹೆಲ್ಮೆಟ್ಟು ನೇತುಹಾಕಿ, ರಾಜನ ಕೈಗೆ ಫೋನು ಕೊಟ್ಟು, "ಅಣ್ಣ, ಒಂದು ಫೋಟೋ ತೆಗಿ, ಈಟೀನೂ ಬರ್ಲಿ" ಎಂದ. ಗಂಗಯ್ಯ ಅಭ್ಯಾಸಬಲದಿಂದ ತೆಗೆದೂ ಕೊಟ್ಟ.

ಹಾರ ಹಾಕುವವರನ್ನು ತಡೆಯುವ ಪದ್ಧತಿ ಆ ನಾಟಕಗಳಲ್ಲಿ ಇಲ್ಲವೇ ಇಲ್ಲ. ಯುದ್ಧದ ನಡುವೆ ಬಂದು ಹಾಕಿದರೂ ಎರಡೂ ಕಡೆಯವರು ಬಿಲ್ಲು ಕೆಳಗಿಟ್ಟು ಕಾಯಬೇಕು.

ಶಾಂತವೀರಪ್ಪ ಒಂದೇ ಸ್ವರ ಹಿಡಿದು ಎಳೆಯುತ್ತಿದ್ದರು. ಗಂಗಯ್ಯ ಜನರ ಕಡೆ ನೋಡಿದ. ಒಂದು ಕಣ್ಣೂ ಅವನ ಮೇಲಿರಲಿಲ್ಲ. ಎಲ್ಲ ಸೇಬಿನ ಮೇಲೆ. ಪಂಕಜಮ್ಮನೊಬ್ಬಳು ನಾಲ್ಕನೇ ಸಾಲಿನಲ್ಲಿ ಕೈಕಟ್ಟಿಕೊಂಡು ಅವನನ್ನೇ ನೋಡುತ್ತಿದ್ದಳು, ಈಗೇನು ಮಾಡ್ತೀಯಾ ಎನ್ನುವ ಹಾಗೆ.

ಗಂಗಯ್ಯ ಎದ್ದು ನಿಂತ. ಮೈಕನ್ನು ಪಕ್ಕಕ್ಕೆ ತಳ್ಳಿದ.

"ಎಲವೋ ದ್ವಾರಪಾಲಕ! ಅರಮನೆಯ ಬಾಗಿಲನ್ನು ಹಾಳು ಬಿಟ್ಟು ಹಣ್ಣಿನ ವ್ಯಾಪಾರಕ್ಕೆ ನಿಂತೆಯಾ?"

ಮೇಷ್ಟ್ರ ತಾತ ಬರೆದ ನಾಟಕದಲ್ಲಿ ಈ ಮಾತಿಲ್ಲ. ಬಾಲ್ಕನಿಗಳಲ್ಲಿ ಕಾಫಿ ಲೋಟ ಅರ್ಧಕ್ಕೆ ನಿಂತವು. ಪಿಳ್ಳಮುನಿಯಪ್ಪನ ಕಿವಿಗೆ ಆ ಗಂಟಲು ಬಿದ್ದದ್ದೇ ತಡ, ಅಷ್ಟು ವರ್ಷದ ರೂಢಿ ಎಲ್ಲಿಗೆ ಹೋಗಬೇಕು? ಹಾರದೊಳಗಿಂದಲೇ ಎದೆ ಸೆಟೆಸಿ, ಜನರ ಕಡೆ ತಿರುಗಿ, ಇಡೀ ಬಯಲು ನಡುಗುವಂತೆ ಆರ್ಭಟಿಸಿದ.

"ಎಲವೋ ದ್ವಾರಪಾಲಕ! ಅರಮನೆಯ ಬಾಗಿಲನ್ನು ಹಾಳು ಬಿಟ್ಟು ಹಣ್ಣಿನ ವ್ಯಾಪಾರಕ್ಕೆ ನಿಂತೆಯಾ!"

ಹೇಳಿ ಮುಗಿಸಿ, ದ್ವಾರಪಾಲಕ ಎಲ್ಲಿ ಎಂದು ಅತ್ತಿತ್ತ ನೋಡಿದ.

ಜನಕ್ಕೆ ಒಂದು ಗಳಿಗೆ ಹಿಡಿಯಿತು. ಆಮೇಲೆ ನಗು ಎದ್ದಿತು ನೋಡಿ, ತಮಟೆಯವನೂ ತಮಟೆ ಬಿಟ್ಟು ಹೊಟ್ಟೆ ಹಿಡಿದುಕೊಂಡ. ಗಂಗಯ್ಯ ನಗಲಿಲ್ಲ. ಸಿಂಹಾಸನದ ಮೆಟ್ಟಿಲಿಳಿದು ಹತ್ತಿರ ಬಂದು ಮೆಲ್ಲಗೆ, "ಪಿಳ್ಳಣ್ಣ, ದ್ವಾರಪಾಲಕ ನೀನೇ" ಎಂದ.

"ದ್ವಾರಪಾಲಕ ನೀನೇ!" ಎಂದು ಗುಡುಗಿದ ಪಿಳ್ಳಮುನಿಯಪ್ಪ. ಗುಡುಗಿದ ಮೇಲೆ ಅವನ ಬಾಯಿ ಹಾಗೇ ತೆರೆದು ನಿಂತಿತು.

"ಹಾರ ಇಳಿಸು," ಎಂದ ಗಂಗಯ್ಯ. ಕೂಗಲಿಲ್ಲ. ಅಂಗಡಿಯಲ್ಲಿ ಚೀಲ ಇಳಿಸು ಎನ್ನುವಷ್ಟೇ ಗಟ್ಟಿಯಾಗಿ ಹೇಳಿದ. "ಬಾಗಿಲಿಗೆ ನಡೆ."

ಪಿಳ್ಳಮುನಿಯಪ್ಪ ಈ ಸಲ ಅದನ್ನು ತಿರುಗಿ ಹೇಳಲಿಲ್ಲ. ರಾಜನ ಮುಖ ನೋಡಿದ, ಹಾರ ನೋಡಿದ. ಇಬ್ಬರು ಚಾಲಕರ ಸಹಾಯದಿಂದ ಸೇಬಿನ ಹಾರ ಕೆಳಗಿಳಿಯಿತು. ಈಟಿ ಎತ್ತಿಕೊಂಡು ನಡೆದುಹೋಗಿ ಬಾಗಿಲ ಪಕ್ಕ ಕಂಬದಂತೆ ನಿಂತ. "ಅಪ್ಪಣೆ, ಪ್ರಭು," ಎಂದ. ಜೆಸಿಬಿಯ ಕೈ ಕೂಡ, ಯಾರೂ ಹೇಳದಿದ್ದರೂ, ಕೆಳಗಿಳಿಯಿತು. ಸೆಲ್ಫಿಯವರು ಒಬ್ಬೊಬ್ಬರೇ ರಂಗದ ಹಿಂಬದಿಯಿಂದ ಜಾರಿಕೊಂಡರು. ಹೆಲ್ಮೆಟ್ಟಿನವನು ತಲೆ ತಗ್ಗಿಸಿ ಬಂದು ಹೆಲ್ಮೆಟ್ಟು ಬಿಡಿಸಿಕೊಂಡು ಹೋದ.

ಅಲ್ಲಿಂದ ಮುಂದೆ ಊರು ಕಂಡದ್ದು ಚಂಡಪ್ರತಾಪನನ್ನು. ಗಂಗಯ್ಯ ಗದರಿದರೆ ಮುಂದಿನ ಸಾಲಿನ ಕೂಸುಗಳು ತಾಯಂದಿರ ಸೆರಗು ಹಿಡಿದವು. ತಿರುಪತಿಗೆ ಹೋಗಿ ಮಾತು ಮರೆತು ಬಂದಿದ್ದ ಮಂತ್ರಿ ಹೆದರಿಕೆಗೇ ಅರ್ಧ ಮಾತು ನೆನಪಿಸಿಕೊಂಡ. ಮುನಿಯ ಪಾರ್ಟಿನ ವೆಂಕಟಾಚಲಯ್ಯನವರು ಬಸವನಗುಡಿಯ ನಿವೃತ್ತ ಬ್ಯಾಂಕಿನವರು, ಅವರನ್ನು ಆಸ್ಥಾನದಿಂದ ಹೊರಗಟ್ಟುವ ದೃಶ್ಯದಲ್ಲಿ ಅವರು ನಿಜವಾಗಿಯೂ ಮೆಟ್ಟಿಲಿಳಿದು ರಸ್ತೆಯವರೆಗೂ ಹೋಗಿಬಿಟ್ಟರು, ಕರೆದುಕೊಂಡು ಬರಬೇಕಾಯಿತು. ಒನ್ಸ್ ಮೋರ್, ಒನ್ಸ್ ಮೋರ್. ಗಂಗಯ್ಯ ಒಂದಕ್ಕೂ ಇಲ್ಲವೆನ್ನಲಿಲ್ಲ. ಒಂದೊಂದು ಮಾತನ್ನೂ ಎರಡೆರಡು ಸಲ, ಕೆಲವನ್ನು ಮೂರು ಸಲ ಹೇಳಿದ.

ಕೊನೆಯ ಅಂಕ. ವೆಂಕಟಾಚಲಯ್ಯ ಕಮಂಡಲದ ನೀರು ಅಂಗೈಗೆ ಬಗ್ಗಿಸಿಕೊಂಡು ಕೈ ಎತ್ತಿದರು. "ಎಲೈ ದುರಹಂಕಾರಿಯೇ, ಇಗೋ ನಿನ್ನ ಗರ್ವವು..." ಎಂದರು. ಹತ್ತು ಹೊಡೆಯಿತು. ಮೈಕಿನವನು ವೈರು ಎಳೆದ, ಲೈಟಿನವನು ಅವನ ಮುಖ ನೋಡಿಕೊಂಡು ಲೈಟು ಆರಿಸಿದ, ಲೈಟು ಆರಿದ್ದನ್ನು ನೋಡಿ ಪರದೆಯವನು ಪರದೆ ಬಿಟ್ಟ. ಮುನಿಯ ಅಂಗೈಯ ನೀರು ಅವರ ಕಂಕುಳಿಗೇ ಸೋರಿತು.

ಜನ ಎದ್ದು ಚಪ್ಪಾಳೆ ತಟ್ಟಿದರು. ನಂದಕುಮಾರ್ ವರದಿಯ ಹಾಳೆ ಹಿಡಿದು ಪರದೆಯ ಹಿಂದೆ ಬಂದರು. ಗಂಗಯ್ಯ ಇನ್ನೂ ಸಿಂಹಾಸನದ ಮೇಲೆಯೇ ಇದ್ದ. ಪಿಳ್ಳಮುನಿಯಪ್ಪ ಬಾಗಿಲಲ್ಲಿ ಈಟಿಗೆ ಒರಗಿ ಸೇಬು ತಿನ್ನುತ್ತಿದ್ದ.

"ಬೊಂಬಾಟಾಗಿತ್ತು ಗಂಗಯ್ಯ," ಎಂದರು ನಂದಕುಮಾರ್. "ಆದ್ರೆ ಒಂದು ತೊಂದರೆ. ನಾಟಕದ ಹೆಸರೇ ಗರ್ವಭಂಗ. ಗರ್ವ ಎಲ್ಲಿ ಭಂಗ ಆಯ್ತು? ಮುನಿ ಕೈ ಎತ್ತಿದ್ರು, ಕರೆಂಟ್ ಹೋಯ್ತು. ಪೂರ್ತಿ ಪ್ರದರ್ಶನ ಆಗಿದೆ ಅಂತ ನಾನು ಹೆಂಗೆ ಬರೀಲಿ?"

ಶರ್ವಾಣಿ, "ಮುಕ್ತ ಅಂತ್ಯ ಅಂತ ಬರೀಬಹುದು ಸಾರ್," ಎಂದಳು.

ಗಂಗಯ್ಯ ಕಿರೀಟ ಸರಿಮಾಡಿಕೊಂಡ. ರಾಜರು ಕಚೇರಿಯ ವಿಷಯಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ.

ಪಿಳ್ಳಮುನಿಯಪ್ಪ ಸೇಬಿನ ಬೀಜ ಉಗುಳಿದ. "ಬರ್ಕೊಳ್ಳಿ ಸಾರ್," ಎಂದ. "ದ್ವಾರಪಾಲಕನದ್ದು ಆಯ್ತು, ರಾಜನದ್ದು ಬಾಕಿ ಐತೆ. ತನ್ನಿ ಇಲ್ಲಿ, ಆ ಗೌರವಧನಕ್ಕೆ ಎಲ್ಲಿ ಸೈನ್ ಹಾಕ್ಬೇಕು?"

ಎಲ್ಲಿ ಹಾಕಬೇಕೆಂದು ನಂದಕುಮಾರ್ ತೋರಿಸಿದರು. ಸಹಿ ಬಿತ್ತು. ವರದಿಯಲ್ಲಿ ಅವರು 'ಗರ್ವಭಂಗ ಭಾಗಶಃ ಪೂರ್ಣಗೊಂಡಿದೆ' ಎಂದು ಬರೆದರು.

ಸೀನರಿಯವರು ಸಾಮಾನು ಲಾರಿಗೆ ಹೇರಲು ಬಂದರು. ಅರಮನೆ ಸುತ್ತಿದರು, ಕಾಡು ಮಡಚಿದರು, ಸಿಂಹಾಸನದ ಹತ್ತಿರ ಬಂದು, "ಏಳಿ ಯಜಮಾನ್ರೇ, ನಾಳೆ ಮಾಗಡಿ ರಸ್ತೆಗೆ ಹೋಗ್ಬೇಕು ಇದು" ಎಂದರು. ಗಂಗಯ್ಯ ಏಳಲಿಲ್ಲ. ಇನ್ನೊಂದು ಸಲ ಹೇಳಿದರು. ರಾಜ ಅವರ ಕಡೆ ಹುಬ್ಬು ಏರಿಸಿ ನೋಡಿದ. ಆ ನೋಟದಲ್ಲಿ ಏನಿತ್ತೋ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮುಂಡಾಸು ಬಿಗಿದು, ಅವನನ್ನು ಕೂರಿಸಿಕೊಂಡೇ ಸಿಂಹಾಸನ ಎತ್ತಿದರು. ಹಿಂದಿನ ಕಾಲೊಂದಕ್ಕೆ ಆಳು ಸಾಲದೆ ಪಿಳ್ಳಮುನಿಯಪ್ಪನೂ ಹೆಗಲು ಕೊಟ್ಟ. ಬಯಲಿನ ಉದ್ದಕ್ಕೂ, ಕುರ್ಚಿ ಜೋಡಿಸುತ್ತಿದ್ದವರ ನಡುವೆ, ಮಿಲ್ ಗಂಗಯ್ಯ ಲಾರಿಯ ಕಡೆಗೆ ಮೆರವಣಿಗೆ ಹೋದ. ಪಂಕಜಮ್ಮ ಅವನ ಚಪ್ಪಲಿ ಕೈಯಲ್ಲಿ ಹಿಡಿದು, "ಇಳೀರಿ ಸಾಕು, ಇಳೀರಿ ಅಂದ್ರೆ" ಎನ್ನುತ್ತ ಹಿಂದೆ ನಡೆದಳು. ಅವನು ಕೇಳಿಸಿಕೊಳ್ಳಲಿಲ್ಲ.